ಲಿಖಿತ ಸುತ್ತಿನ ಆಚೆ: ಶಾಲಾ ರಸಪ್ರಶ್ನೆಯ ಚರಿತ್ರೆ, ಕ್ಯಾಸಲ್‌ರಾಕ್‌ನಿಂದ ನೋಡಿದಾಗ

ಜೊಯಿಡಾ ತಾಲ್ಲೂಕಿನ ಅಂಚಿನ ಕ್ಯಾಸಲ್‌ರಾಕ್‌ಗೆ ಹತ್ತಿರದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಒಂದು ಧಾರವಾಡದ್ದು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಮರುವರ್ಷವೇ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯ ಅದು. ಲೋಂಡಾ, ಅಳ್ನಾವರ ದಾಟಿ ರೈಲಿನಲ್ಲಿ ಹೋದರೆ ನೂರು ಕಿಲೋಮೀಟರಿಗೂ ಕಡಿಮೆ ದಾರಿ. ಇಲ್ಲಿನ ಪ್ರೌಢಶಾಲೆಯ ನಾಲ್ವರು ಮಕ್ಕಳು ಒಬ್ಬ ಮೇಷ್ಟ್ರ ಜೊತೆ ಯಾವುದೋ ರಸಪ್ರಶ್ನೆಗೆಂದು ಆ ರೈಲು ಹತ್ತಿದರು ಎಂದುಕೊಳ್ಳೋಣ. ಸಭಾಂಗಣ ಮುಟ್ಟಿದೊಡನೆ ಕೈಗೆ ಒಂದು ಹಾಳೆ ಬರುತ್ತದೆ. ಇಪ್ಪತ್ತೈದೋ ಮೂವತ್ತೋ ಪ್ರಶ್ನೆ, ಅರ್ಧ ಗಂಟೆ. ಆಮೇಲೆ ಆರು ತಂಡಗಳ ಹೆಸರು ಕೂಗುತ್ತಾರೆ. ಉಳಿದವರು ಪ್ರೇಕ್ಷಕರು. ನಮ್ಮ ನಾಲ್ವರು ಸಂಜೆಯವರೆಗೆ ಚಪ್ಪಾಳೆ ತಟ್ಟಿ ಮರಳುತ್ತಾರೆ.

ರಸಪ್ರಶ್ನೆಯ ಬಗ್ಗೆ ಮಾತೆತ್ತಿದಾಗೆಲ್ಲ ಚರ್ಚೆಯಾಗುವುದು ಪ್ರಶ್ನೆ ಸುಲಭವೋ ಕಷ್ಟವೋ, ಭಾಷೆ ಕನ್ನಡವೋ ಇಂಗ್ಲಿಷೋ ಎಂಬುದು. ಇವೆರಡೂ ಮುಖ್ಯವೇ. ಆದರೆ ಒಂದು ಮಗುವಿಗೆ ಎಷ್ಟು ಹೊತ್ತು ಆಟ ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಪ್ರಶ್ನೆಯಲ್ಲ, ಪಂದ್ಯದ ಕಟ್ಟು. ಕಳೆದ ಶತಮಾನದಲ್ಲಿ ಎರಡು ಕಟ್ಟುಗಳು ಬೇರೆ ಬೇರೆ ಬೆಳೆದವು. ನಮಗೆ ಬಂದದ್ದು ಒಂದೇ, ಮತ್ತು ಅದು ವಿಶ್ವವಿದ್ಯಾಲಯದ ತರಗತಿಯಿಂದ ಬಂದದ್ದಲ್ಲ, ರಂಗಮಂಚದಿಂದ ಬಂದದ್ದು ಎಂಬುದು ಈ ಲೇಖನದ ವಾದ.

ಇಂಥ ಬರಹವನ್ನು ಯಕ್ಷಪ್ರಶ್ನೆಯಿಂದ ಶುರುಮಾಡುವುದು ರೂಢಿ. ಅಲ್ಲಿಯೂ ನಾಲ್ವರು ತಮ್ಮಂದಿರು ಒಂದೂ ಪ್ರಶ್ನೆಗೆ ಉತ್ತರಿಸದೆ ನೆಲಕ್ಕುರುಳಿ, ಒಬ್ಬನೇ ಅಂತಿಮ ಸುತ್ತಿಗೆ ಉಳಿದದ್ದನ್ನು ನೆನೆದರೆ ಆ ರೂಢಿಗೂ ಅರ್ಥವಿದೆ! ಆದರೆ ಸ್ಪರ್ಧೆಯಾಗಿ ರಸಪ್ರಶ್ನೆ ಆಧುನಿಕ ಸರಕು. ‘ಕ್ವಿಜ್’ ಪದದ ಹುಟ್ಟಿಗೂ ಒಂದು ಕಥೆ ಅಂಟಿಕೊಂಡಿದೆ: ಡಬ್ಲಿನ್ನಿನ ನಾಟಕ ಕಂಪನಿಯ ಮಾಲೀಕ ಡೇಲಿ ಎಂಬಾತ ಪಂದ್ಯ ಕಟ್ಟಿ, ಅರ್ಥವಿಲ್ಲದ ಈ ಶಬ್ದವನ್ನು ಊರ ಗೋಡೆಗಳ ಮೇಲೆಲ್ಲ ಬರೆಸಿದನಂತೆ. ಕೋಶಕಾರರು ಇದನ್ನು ನಂಬುವುದಿಲ್ಲ. ಬೆಂಗಳೂರಿನ ಕ್ವಿಜ್ ಆಸಕ್ತರು ಕೂಡುತ್ತಿದ್ದ ಜಾಗಗಳಲ್ಲಿ ನೃಪತುಂಗ ರಸ್ತೆಯ ಡೇಲಿ ಸ್ಮಾರಕ ಭವನವೂ ಒಂದು ಎಂಬುದು ಬರಿಯ ಕಾಕತಾಳೀಯ. ಆ ಡೇಲಿ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಹ್ಯೂ ಡೇಲಿ.

ಮೊದಲು ಅಮೆರಿಕದ ಕವಲು. 1953ರಲ್ಲಿ ಡಾನ್ ರೀಡ್ ರೂಪಿಸಿದ ‘ಕಾಲೇಜ್ ಬೌಲ್’ ಎನ್‌ಬಿಸಿ ರೇಡಿಯೊದಲ್ಲಿ ಆರಂಭವಾಯಿತು. ಎರಡು ಕಾಲೇಜು, ತಲಾ ನಾಲ್ವರು. ಪ್ರಶ್ನೆ ಇಬ್ಬರಿಗೂ ಒಂದೇ. ಮೊದಲು ಬಜರ್ ಒತ್ತಿದವರಿಗೆ ಉತ್ತರಿಸುವ ಹಕ್ಕು. ಸರಿ ಹೇಳಿದ ತಂಡಕ್ಕೆ ಒಟ್ಟಿಗೆ ಆಲೋಚಿಸಿ ಉತ್ತರಿಸಬಹುದಾದ ಬೋನಸ್ ಪ್ರಶ್ನೆ. 1959ರಲ್ಲಿ ಇದು ಟಿವಿಗೆ ಹೋಯಿತು, 1962ರಲ್ಲಿ ಬ್ರಿಟನ್ನಿನಲ್ಲಿ ‘ಯೂನಿವರ್ಸಿಟಿ ಚಾಲೆಂಜ್’ ಆಯಿತು. ಪ್ರೌಢಶಾಲೆಗಳಿಗಾಗಿ ವಾಷಿಂಗ್ಟನ್ನಿನಲ್ಲಿ ‘ಇಟ್ಸ್ ಅಕಡೆಮಿಕ್’ 1961ರಲ್ಲೇ ಶುರುವಾಗಿತ್ತು. ನನಗೆ ಕುತೂಹಲ ಹುಟ್ಟಿಸುವುದು ಕ್ಯಾಮೆರಾ ಇಲ್ಲದ ಕಡೆ ನಡೆದದ್ದು. ವಿದ್ಯಾರ್ಥಿಗಳು ಆಟವನ್ನು ಸ್ಟುಡಿಯೊದಿಂದ ಬಿಡಿಸಿ ತರಗತಿಯ ಕೋಣೆಗಳಿಗೆ ತಂದರು. ಶನಿವಾರ ಕಾಲೇಜು ಖಾಲಿ. ಹತ್ತು ಕೋಣೆಯಲ್ಲಿ ಹತ್ತು ಪಂದ್ಯ, ಎಲ್ಲ ಕಡೆ ಒಂದೇ ಪ್ರಶ್ನೆಪತ್ರಿಕೆ. ಸೋತ ತಂಡ ಮನೆಗೆ ಹೋಗುವುದಿಲ್ಲ, ಪಕ್ಕದ ಕೋಣೆಗೆ ಹೋಗಿ ಮುಂದಿನ ಪಂದ್ಯ ಆಡುತ್ತದೆ. ಸಾಮಾನ್ಯವಾಗಿ ಪಂದ್ಯಕ್ಕೆ ಇಪ್ಪತ್ತು ಬಜರ್ ಪ್ರಶ್ನೆ, ಒಂದಕ್ಕೆ ಹತ್ತು ಅಂಕ.

ಇದರ ಹಿಂದೆ ಒಂದು ಸರಳ ಲೆಕ್ಕವಿದೆ. ವಿಶ್ವವಿದ್ಯಾಲಯದ ಕ್ವಿಜ್ ತಂಡಕ್ಕೆ ದೂರದ ಪಂದ್ಯಗಳಿಗೆ ಹೋಗಲು ದುಡ್ಡು ಬೇಕು. ಪ್ರೌಢಶಾಲೆಗಳನ್ನು ಕರೆದು, ಪ್ರವೇಶ ಶುಲ್ಕ ಪಡೆದು, ವರ್ಷಕ್ಕೊಂದು ಪಂದ್ಯಾವಳಿ ನಡೆಸಿದರೆ ಆ ಖರ್ಚು ಹುಟ್ಟುತ್ತದೆ. ಪ್ರಶ್ನೆ ಓದುವವರು, ಅಂಕ ಬರೆಯುವವರು ಎಲ್ಲ ಅದೇ ಕಾಲೇಜಿನ ಹುಡುಗರು. ಹಾರ್ವರ್ಡ್‌ನಂಥ ವಿಶ್ವವಿದ್ಯಾಲಯದ ತಂಡವೂ ಪ್ರೌಢಶಾಲೆಗಳಿಗೆ ಹೀಗೆ ಪಂದ್ಯಾವಳಿ ನಡೆಸುತ್ತದೆ. 1996ರಲ್ಲಿ ಎನ್‌ಎಕ್ಯೂಟಿ ಎಂಬ ಪ್ರಶ್ನೆ ತಯಾರಕ ಸಂಸ್ಥೆ ಹುಟ್ಟಿತು. ಈ ಶನಿವಾರದ ಪಂದ್ಯಗಳಲ್ಲಿ ಅನೇಕವು ಅದರ ರಾಷ್ಟ್ರೀಯ ಪಂದ್ಯಾವಳಿಗೆ ಮೆಟ್ಟಿಲುಗಳಾದವು.

ನಮ್ಮ ಕವಲಿನ ಹುಟ್ಟು ಬೇರೆ. ನೀಲ್ ಓಬ್ರಿಯನ್ ಕಲ್ಕತ್ತೆಯ ಚರ್ಚೊಂದರ ಸಭಾಂಗಣದಲ್ಲಿ 1967ರಲ್ಲಿ ನಡೆಸಿದ್ದನ್ನು ಭಾರತದ ಮೊದಲ ಮುಕ್ತ ಕ್ವಿಜ್ ಎನ್ನುತ್ತಾರೆ. 1972ರಲ್ಲಿ ಬೋರ್ನ್‌ವಿಟಾ ಕ್ವಿಜ್ ಸ್ಪರ್ಧೆ ನಗರಗಳ ಶಾಲೆಗಳಿಗಾಗಿ ಆರಂಭವಾಗಿ, ರೇಡಿಯೊಗೆ ಬಂತು. ಅದನ್ನು ನಡೆಸುತ್ತಿದ್ದ ಹಮೀದ್ ಸಯಾನಿ 1975ರಲ್ಲಿ ತೀರಿಕೊಂಡ ಮೇಲೆ ತಮ್ಮ ಅಮೀನ್ ಸಯಾನಿಯ ದನಿ ಮನೆಮನೆಗೆ ತಲುಪಿತು. 1985ರಲ್ಲಿ ದೂರದರ್ಶನದ ‘ಕ್ವಿಜ್ ಟೈಮ್’ ಮೂಲಕ ಸಿದ್ಧಾರ್ಥ ಬಸು ಪರಿಚಿತರಾದರು. ಬೆಂಗಳೂರಿನಲ್ಲಿ ವಿಂಗ್ ಕಮಾಂಡರ್ ಜಿ.ಆರ್. ಮುಲ್ಕಿ ಅವರ ಮುಂದಾಳತ್ವದಲ್ಲಿ 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಅದರ ಒಬ್ಬಂಟಿ ಸ್ಪರ್ಧೆ ‘ಮಹಾಕ್ವಿಜ್ಜರ್’ 2005ರಿಂದ ದೇಶದ ಹಲವು ನಗರಗಳಿಗೆ ಹರಡಿತು.

ಇವೆಲ್ಲಕ್ಕೂ ಒಂದು ವೇದಿಕೆ, ಒಬ್ಬ ಕ್ವಿಜ್ ಮಾಸ್ಟರ್, ಎದುರಿಗೆ ಜನ. ವೇದಿಕೆಯ ಮೇಲೆ ಆರೆಂಟು ಮೇಜು ಹಿಡಿಯುತ್ತವೆ, ಬಂದದ್ದು ಐವತ್ತು ತಂಡ. ಹಾಗಾಗಿ ಜರಡಿ ಬೇಕಾಯಿತು. ಆ ಜರಡಿಯೇ ‘ಪ್ರಿಲಿಮ್ಸ್’ ಎಂದು ಎಲ್ಲರ ಬಾಯಲ್ಲಿರುವ ಲಿಖಿತ ಸುತ್ತು. ವೇದಿಕೆಯ ಮೇಲಿನ ನಿಯಮಗಳಲ್ಲಿ ದಕ್ಷಿಣದವರ ಜಾಣ್ಮೆ ದೊಡ್ಡದು. ಒಂದು ತಂಡಕ್ಕೆ ಗೊತ್ತಿಲ್ಲದ ಪ್ರಶ್ನೆ ಮುಂದಿನವರಿಗೆ ದಾಟುತ್ತ ಹೋಗುತ್ತದೆ. ಯಾರು ಉತ್ತರಿಸಿದರೋ ಅವರ ಪಕ್ಕದವರಿಂದ ಹೊಸ ಪ್ರಶ್ನೆ ಶುರು. ಇದು ‘ಇನ್‌ಫಿನಿಟ್ ಬೌನ್ಸ್’. ಕೂತ ಜಾಗದ ಅದೃಷ್ಟವನ್ನು ಇದು ಬಹಳಷ್ಟು ತಗ್ಗಿಸಿತು. ಇಷ್ಟು ನ್ಯಾಯಪ್ರಜ್ಞೆ ಇದ್ದವರು ವೇದಿಕೆ ಹತ್ತದವರ ಬಗ್ಗೆ ಮಾತ್ರ ಯೋಚಿಸಲಿಲ್ಲ. ವಿಶ್ವವಿದ್ಯಾಲಯಗಳೂ ಇದೇ ಜಾಡು ಹಿಡಿದವು: ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಯುವಜನೋತ್ಸವದಲ್ಲಿ ಕ್ವಿಜ್ ಎಂದರೆ ಮೂವರ ತಂಡ, ಲಿಖಿತ ಜರಡಿ, ಆಮೇಲೆ ಅಂತಿಮ ಸುತ್ತು.

ಹಳ್ಳಿಯ ಪ್ರೌಢಶಾಲೆಗಳ ಕಡೆ ತಿರುಗಿದ ಪ್ರಯತ್ನಗಳು ವಿಶ್ವವಿದ್ಯಾಲಯದಿಂದಲ್ಲ, ಬೇರೆ ದಿಕ್ಕಿನಿಂದ ಬಂದವು. 2000ರಲ್ಲಿ ಕರ್ನಾಟಕ ಸರ್ಕಾರದ ಮಾಹಿತಿ ತಂತ್ರಜ್ಞಾನ ಇಲಾಖೆ ಟಿಸಿಎಸ್ ಜೊತೆ ಸೇರಿ ‘ಗ್ರಾಮೀಣ ಐಟಿ ಕ್ವಿಜ್’ ಆರಂಭಿಸಿತು. ಎಂಟರಿಂದ ಹನ್ನೆರಡನೇ ತರಗತಿಯವರಿಗೆ ಅವಕಾಶ, ನಗರಪಾಲಿಕೆ ವ್ಯಾಪ್ತಿಯ ಶಾಲೆಗಳಿಗೆ ಇಲ್ಲ. ಈ ಒಂದು ನಿಯಮವನ್ನು ನಾನು ಕರ್ನಾಟಕದ ರಸಪ್ರಶ್ನೆ ಚರಿತ್ರೆಯ ಅತಿ ಮುಖ್ಯ ವಾಕ್ಯವೆಂದು ಎಣಿಸುತ್ತೇನೆ. ಮೊದಲ ಬಾರಿಗೆ ಯಾರೋ ಬಾಗಿಲಲ್ಲಿ ನಿಂತು ಬೆಂಗಳೂರನ್ನು ಹೊರಗಿಟ್ಟರು. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲೂ ಕ್ವಿಜ್ ಇದೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಮೇಲೇರುವ ಆ ಏಣಿಯಲ್ಲಿ ಜೊಯಿಡಾದ ಮಕ್ಕಳು ಹೋಗಬೇಕಾದದ್ದು ಶಿರಸಿ ಶೈಕ್ಷಣಿಕ ಜಿಲ್ಲೆಗೆ. ದಾಂಡೇಲಿ, ಹಳಿಯಾಳ, ಮುಂಡಗೋಡದವರೂ ಅಲ್ಲಿಗೇ. ಪ್ರಜಾವಾಣಿ ಪತ್ರಿಕೆಯ ರಸಪ್ರಶ್ನೆ ಚಾಂಪಿಯನ್‌ಷಿಪ್ ಕನ್ನಡದಲ್ಲೇ ನಡೆಯುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಕನ್ನಡದ ಮಕ್ಕಳನ್ನು ತಲುಪಿದ್ದು 2002ರ ಜನವರಿಯಲ್ಲಿ ಚಂದನ ವಾಹಿನಿಯಲ್ಲಿ ಮೊದಲಾದ ‘ಥಟ್ ಅಂತ ಹೇಳಿ’. ವೈದ್ಯ ನಾ. ಸೋಮೇಶ್ವರ ಕನ್ನಡದಲ್ಲಿ ಪ್ರಶ್ನೆ ಕೇಳುತ್ತಾರೆ, ಬಹುಮಾನವಾಗಿ ಪುಸ್ತಕ ಕೊಡುತ್ತಾರೆ. ಕಂತುಗಳು ಸಾವಿರಗಳನ್ನು ದಾಟಿದವು. ಇಲ್ಲಿ ಜರಡಿಯ ಮಾತೇ ಬೇರೆ: ನೋಡುವವರೆಲ್ಲ ಮನೆಯಲ್ಲೇ ಆಡುತ್ತಾರೆ, ಅಮ್ಮ ಒಲೆಯ ಮುಂದಿನಿಂದ ಉತ್ತರ ಕೂಗುತ್ತಾಳೆ, ಯಾರೂ ಹೊರಬೀಳುವುದಿಲ್ಲ. ಆದರೆ ಮನೆಯಲ್ಲಿ ಕೂತು ಆಡುವವರಿಗೆ ಎದುರಾಳಿ ಇಲ್ಲ, ಸೋತು ಕಲಿಯುವ ಅವಕಾಶವೂ ಇಲ್ಲ.

ಭಾಷೆಯ ಮಾತು ಈಗ. ಜೊಯಿಡಾ ಕಡೆಯ ಅನೇಕ ಮನೆಗಳಲ್ಲಿ ಕೊಂಕಣಿ, ಮರಾಠಿ. ಶಾಲೆಯಲ್ಲಿ ಕನ್ನಡವೋ ಮರಾಠಿಯೋ. ಸ್ಪರ್ಧೆಯ ಹಾಳೆಯಲ್ಲಿ ಬಹುಮಟ್ಟಿಗೆ ಇಂಗ್ಲಿಷ್. ಅರ್ಧ ಗಂಟೆಯಲ್ಲಿ ಓದಿ ಬರೆಯುವ ಸುತ್ತು ಮೂರನೇ ಭಾಷೆಯವನನ್ನು ಮೊದಲು ಉದುರಿಸುತ್ತದೆ, ಅವನಿಗೆ ವಿಷಯ ಗೊತ್ತಿದ್ದರೂ. ಅಮೆರಿಕದ ಪಂದ್ಯಗಳ ಪ್ರಶ್ನೆ ಬೇರೆ ತೆರ. ಅದು ಐದಾರು ವಾಕ್ಯದ್ದು, ಅತಿ ಕಷ್ಟದ ಸುಳಿವಿನಿಂದ ಸುಲಭದ ಕಡೆ ಇಳಿಯುತ್ತದೆ, ನಡುವೆಯೇ ಬಜರ್ ಒತ್ತಬಹುದು. ಕೇಳುತ್ತ ಕೇಳುತ್ತ ಹೊಳೆಯಲು ಸಮಯವಿದೆ. ಪ್ರಶ್ನಾರ್ಥಕ ಪದವೂ ಕ್ರಿಯಾಪದವೂ ಕೊನೆಗೆ ಬರುವ ಕನ್ನಡಕ್ಕೆ ಇದು ಒಗ್ಗದು ಎನಿಸಬಹುದು. ‘ಈ ಊರು’ ಎಂದು ಮೊದಲೇ ಹೇಳಿಬಿಟ್ಟರೆ ತೊಡಕಿಲ್ಲ. ನಾನೇ ಕಟ್ಟಿದ ಒಂದು ಮಾದರಿ:

‘ಈ ಊರಿನಲ್ಲಿ 1888ರಲ್ಲಿ ಎರಡು ಸಾಮ್ರಾಜ್ಯಗಳ ರೈಲು ಹಳಿಗಳು ಕೂಡಿದವು. ಮುರಗಾವಿನಿಂದ ಹತ್ತಿ ಬಂದ ಪೋರ್ಚುಗೀಸ್ ಕಡೆಯ ಗಾಡಿಯಿಂದ ಇಳಿದವರು ಇಲ್ಲಿ ಸುಂಕದ ತಪಾಸಣೆಗೆ ನಿಲ್ಲಬೇಕಿತ್ತು. 1961ರಲ್ಲಿ ಗೋವಾ ವಿಮೋಚನೆಯಾಗುವವರೆಗೆ ಈ ಊರು ದೇಶದ ಗಡಿ. ಇಲ್ಲಿಂದ ಕೆಳಗಿಳಿಯುವ ರೈಲು ದೂಧಸಾಗರ ಜಲಪಾತದ ಎದುರು ಹಾಯುತ್ತದೆ. ಇಂಗ್ಲಿಷಿನಲ್ಲಿ ಕೋಟೆ, ಬಂಡೆ ಎಂಬ ಎರಡು ಪದ ಸೇರಿದ ಹೆಸರಿನ, ಜೊಯಿಡಾ ತಾಲ್ಲೂಕಿನ ಈ ಊರು ಯಾವುದು?’

ಬೆಂಗಳೂರಿನ ಹುಡುಗಿ ಕೊನೆಯ ವಾಕ್ಯಕ್ಕೆ ಕಾಯುತ್ತಾಳೆ. ಕ್ಯಾಸಲ್‌ರಾಕ್‌ನ ಹುಡುಗ ಮೊದಲ ವಾಕ್ಯ ಮುಗಿಯುವ ಮುನ್ನ ಒತ್ತುತ್ತಾನೆ. ಇದೇ ಪ್ರಶ್ನೆಯನ್ನು ಲಿಖಿತ ಸುತ್ತಿನಲ್ಲಿಟ್ಟರೆ ಇಬ್ಬರಿಗೂ ಒಂದೊಂದು ಅಂಕ. ಯಾರಿಗೆ ಹೆಚ್ಚು ಆಳವಾಗಿ ಗೊತ್ತು ಎಂಬುದು ಹಾಳೆಯಲ್ಲಿ ಕಾಣುವುದೇ ಇಲ್ಲ.

ಧಾರವಾಡದಲ್ಲಿ ಇಂಥ ಪಂದ್ಯಕ್ಕೆ ಏನು ಬೇಕು ಎಂದು ಲೆಕ್ಕ ಹಾಕಿದೆ. ಹದಿನಾರು ತಂಡ, ಎಂಟು ಕೋಣೆ, ಕೋಣೆಗಿಬ್ಬರಂತೆ ಹದಿನಾರು ಕಾಲೇಜು ವಿದ್ಯಾರ್ಥಿಗಳು. ಐದು ಸುತ್ತು ಆಡಿಸಿದರೆ ಪ್ರತಿ ತಂಡವೂ ನೂರು ಬಜರ್ ಪ್ರಶ್ನೆ ಕೇಳುತ್ತದೆ, ಐದು ಬೇರೆ ಊರಿನ ಮಕ್ಕಳ ಎದುರು ಕೂರುತ್ತದೆ. ಖರ್ಚಿನ ಬಾಬತ್ತು ಪ್ರಶ್ನೆಪತ್ರಿಕೆಯ ತಯಾರಿ ಮತ್ತು ಮಧ್ಯಾಹ್ನದ ಊಟ. ಎಂಟು ಬಜರ್ ಪೆಟ್ಟಿಗೆ ಸಿಗದಿದ್ದರೂ ಆಟ ನಿಲ್ಲದು. ಅಮೆರಿಕದಲ್ಲೂ ಪೆಟ್ಟಿಗೆ ಕೈಕೊಟ್ಟ ದಿನ ಮೇಜು ತಟ್ಟಿ ಆಡುತ್ತಾರೆ. ಮೊದಲು ತಟ್ಟಿದವರು ಯಾರು ಎಂಬ ಜಗಳ ಮಾತ್ರ ಅಲ್ಲೂ ತಪ್ಪಿಲ್ಲ.