ತಲೆಪೆಟ್ಟಿಗೆ ನಲವತ್ತೆಂಟು ಗಂಟೆ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಮಹಾಗಾಂವ ಕ್ರಾಸ್ ದಾಟಿದ ಮೇಲೆ ಕಮಲಾಪುರ ಸಿಗುತ್ತೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, 2018ರಿಂದ ತಾಲೂಕು ಕೇಂದ್ರ. ಇದು ರಾಷ್ಟ್ರೀಯ ಹೆದ್ದಾರಿ 50. ಲಾರಿ, ಹೈದರಾಬಾದಿನ ಸ್ಲೀಪರ್ ಬಸ್ಸುಗಳ ಅಂಚಿನಲ್ಲೇ ಮೂರು ಜನ ಕೂತ ಬೈಕೂ ಓಡುತ್ತೆ. 2022ರ ಜೂನ್ 3ರಂದು ಇಲ್ಲಿ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸಿಗೆ ಬೆಂಕಿ ಹತ್ತಿ ಜನ ಸುಟ್ಟುಹೋದಾಗ ದೇಶದ ಎಲ್ಲ ಪತ್ರಿಕೆಗಳಲ್ಲೂ ಕಮಲಾಪುರದ ಹೆಸರು ಬಂತು. ಒಂಟಿ ಬೈಕು ಸ್ಕಿಡ್ ಆದರೆ ಅಷ್ಟು ಸುದ್ದಿ ಆಗಲ್ಲ. "ತಲಿಗಿ ಪೆಟ್ಟಾಗ್ಯದ, ಸೋಲಾಪುರಕ್ಕ ಒಯ್ದಾರ" ಅನ್ನೋ ಮಾತು ಊರಲ್ಲಿ ಎರಡು ದಿನ ಓಡಾಡಿ ಸುಮ್ಮನಾಗುತ್ತೆ.

ಆ ತಲೆಪೆಟ್ಟಿಗೆ ನಮ್ಮ ಸರ್ಕಾರಗಳು ಯಾವಾಗಿಂದ, ಎಷ್ಟು ದುಡ್ಡು, ಎಷ್ಟು ದಿನದವರೆಗೆ ಕೊಡ್ತಾ ಬಂದಿವೆ ಅಂತ ಹುಡುಕಿದರೆ ವಿಚಿತ್ರವಾದ ಚರಿತ್ರೆ ಸಿಗುತ್ತೆ.

ಹೋಲಿಕೆಗೆ ಅಮೆರಿಕ ನೋಡಿ. 1996ರ ಜುಲೈ 29ರಂದು ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾಯ್ದೆಯ ಹೆಸರೇ 'ಟ್ರಾಮ್ಯಾಟಿಕ್ ಬ್ರೈನ್ ಇಂಜುರಿ ಆಕ್ಟ್'. ಎಷ್ಟು ಜನಕ್ಕೆ ಪೆಟ್ಟಾಗುತ್ತೆ ಅಂತ ಲೆಕ್ಕ ಇಡೋಕೆ, ತಡೆಯೋಕೆ ಒಂದು ಸಂಸ್ಥೆಗೆ ಹಣ, ಸಂಶೋಧನೆಗೆ ಇನ್ನೊಂದಕ್ಕೆ, ಬದುಕುಳಿದವರಿಗೆ ಬೇಕಾದ ಸೇವೆ ಕಟ್ಟೋಕೆ ರಾಜ್ಯಗಳಿಗೆ ಅನುದಾನ. ದೊಡ್ಡ ಮೊತ್ತವೇನಲ್ಲ. ಆದರೆ ಮಿದುಳಿನ ಪೆಟ್ಟಿಗೆ ಕಾನೂನಿನಲ್ಲಿ ಅದರದೇ ಹೆಸರು ಸಿಕ್ಕಿತು, ಅವಧಿ ಮುಗಿದಾಗೆಲ್ಲ ಸಂಸತ್ತು ಅದನ್ನು ಮತ್ತೆ ಮತ್ತೆ ನವೀಕರಿಸಿತು.

ನಮ್ಮಲ್ಲಿ ಆ ಹೆಸರಿನ ಕಾಯ್ದೆ ಇಲ್ಲ. ತಲೆಯ ಮಾತು ಬರೋದು ಮೋಟಾರು ವಾಹನ ಕಾಯ್ದೆಯಲ್ಲಿ. 1988ರ ಆ ಕಾಯ್ದೆಯ 129ನೇ ಸೆಕ್ಷನ್ ಹೆಲ್ಮೆಟ್ ಕಡ್ಡಾಯ ಅಂದಿತು, 1989ರ ಜುಲೈ 1ಕ್ಕೆ ಜಾರಿಗೂ ಬಂತು. ಆದರೆ ರಾಜ್ಯಗಳು ವಿನಾಯಿತಿ ಕೊಡಬಹುದು ಅನ್ನೋ ಕಿಂಡಿಯನ್ನೂ ಬಿಟ್ಟಿತ್ತು. ಬೆಂಗಳೂರಿನಲ್ಲಿ ಹೆಲ್ಮೆಟ್ ನಿಜವಾಗಿ ತಲೆಗೇರಿದ್ದು 2006ರ ನವೆಂಬರಿನಲ್ಲಿ. ಹಿಂದೆ ಕೂತವರಿಗೆ 2016ರ ಜನವರಿಯಲ್ಲಿ. 2019ರಲ್ಲಿ ಕೇಂದ್ರ ದಂಡವನ್ನು 1,000 ರೂಪಾಯಿಗೆ ಏರಿಸಿದರೆ ಕರ್ನಾಟಕ ಅದೇ ತಿಂಗಳು 500ಕ್ಕೆ ಇಳಿಸಿತು! ಹೆಲ್ಮೆಟ್ ತಲೆಪೆಟ್ಟಿನ ಅಪಾಯವನ್ನು ಸುಮಾರು 69% ಕಡಿಮೆ ಮಾಡುತ್ತೆ ಅಂತ ಕಾಕ್ರೇನ್ ವಿಮರ್ಶೆ ಹೇಳಿ ಆಗ ಹತ್ತು ವರ್ಷದ ಮೇಲಾಗಿತ್ತು. ಕಲಬುರಗಿಯ ಮೇ ಬಿಸಿಲಲ್ಲಿ "ಇಲ್ಲೇ ಹೋಗಿ ಬರೋದದ, ಹೆಲ್ಮೆಟ್ ಯಾಕ್ರೀ" ಅನ್ನೋರ ಕಷ್ಟ ನಂಗೂ ಅರ್ಥ ಆಗುತ್ತೆ. ಸರ್ಕಾರಕ್ಕೆ ಯಾವ ಬಿಸಿಲು ತಾಗಿತ್ತೋ ಗೊತ್ತಿಲ್ಲ.

ಚಿಕಿತ್ಸೆಯ ಕತೆ ಇನ್ನೂ ನಿಧಾನದ್ದು. ಪೊಲೀಸ್ ಕೇಸಿಗೆ ಕಾಯದೆ ಗಾಯಾಳುವಿಗೆ ಮೊದಲು ಚಿಕಿತ್ಸೆ ಕೊಡಿ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತ್ತು. ಕರ್ನಾಟಕಕ್ಕೆ 108 ಆಂಬುಲೆನ್ಸ್ ಬಂದಿದ್ದು 2008ರ ನವೆಂಬರ್ 1ಕ್ಕೆ. ಆಮೇಲೆ ಬಂದದ್ದರಲ್ಲಿ ಕಲಬುರಗಿಗೇ ಮೊದಲ ಪಾಲು ಸಿಕ್ಕಿತು, ಇದು ಬಹಳ ಜನಕ್ಕೆ ನೆನಪಿಲ್ಲ. 2010ರ ಫೆಬ್ರವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾದದ್ದು ಗುಲಬರ್ಗಾ ವಿಭಾಗದಲ್ಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗೆ ದೊಡ್ಡ ಚಿಕಿತ್ಸೆ ಉಚಿತ. ಹೃದಯ, ಕ್ಯಾನ್ಸರ್ ಜೊತೆ ನರರೋಗವೂ ಪಟ್ಟಿಯಲ್ಲಿತ್ತು. ಯೋಜನೆ ಆಗ ರಾಜ್ಯದ ಉತ್ತರ ಭಾಗದಲ್ಲಿ ಮಾತ್ರ ಇದ್ದಿದ್ದರಿಂದ ಸಂಶೋಧಕರು ಗಡಿಯ ಆಚೀಚೆ ಹಳ್ಳಿಗಳನ್ನು ಹೋಲಿಸಿ ನೋಡಿದರು. ಪಟ್ಟಿಯಲ್ಲಿದ್ದ ಕಾಯಿಲೆಗಳಿಂದ ಬಡವರ ಸಾವು ಯೋಜನೆ ಇದ್ದ ಕಡೆ 64% ಕಡಿಮೆ ಇತ್ತು ಅಂತ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬರೆದರು. ಸರ್ಕಾರಿ ದುಡ್ಡು ಜೀವ ಉಳಿಸುತ್ತೆ ಅನ್ನೋದಕ್ಕೆ ಇಷ್ಟು ಹತ್ತಿರದ ಪುರಾವೆ ಇದೆ.

ಇನ್ನು 2016. ಫೆಬ್ರವರಿ 16ರಂದು ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಹರೀಶ್ ನಂಜಪ್ಪ, ರಸ್ತೆ ಮೇಲೆ ಬಿದ್ದಲ್ಲೇ ನನ್ನ ಅಂಗಾಂಗ ದಾನ ಮಾಡಿ ಅಂದ. ಅವನ ಕಣ್ಣುಗಳನ್ನು ದಾನ ಪಡೆದರು. ಮೂರು ವಾರದಲ್ಲಿ, ಮಾರ್ಚ್ 8ಕ್ಕೆ, ಅವನ ಹೆಸರಿನಲ್ಲೇ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಬಂತು: ಕರ್ನಾಟಕದ ರಸ್ತೆಯಲ್ಲಿ ಯಾರೇ ಗಾಯಗೊಂಡರೂ, ಬೇರೆ ರಾಜ್ಯದವರಾದರೂ, ಮೊದಲ 48 ಗಂಟೆ 25,000 ರೂಪಾಯಿವರೆಗೆ ಚಿಕಿತ್ಸೆ ಉಚಿತ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ರಕ್ಷಣೆ ಕೊಡುವ ಮಸೂದೆಯನ್ನೂ ಅದೇ ವರ್ಷ ವಿಧಾನಮಂಡಲ ಒಪ್ಪಿತು. ರಾಷ್ಟ್ರಪತಿ ಅಂಕಿತಕ್ಕೆ 2018ರವರೆಗೆ ಕಾಯಬೇಕಾಯ್ತು. ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ ಬಂದದ್ದು 2025ರ ಮೇ ತಿಂಗಳಲ್ಲಿ. ಅದರಲ್ಲಿ ಒಂದೂವರೆ ಲಕ್ಷ, ಏಳು ದಿನ.

48 ಗಂಟೆ, ಏಳು ದಿನ. ಮುರಿದ ಕಾಲಿಗೆ ಈ ಲೆಕ್ಕ ಸ್ವಲ್ಪ ಹೊಂದಬಹುದು. ಮಿದುಳಿಗೆ ಹೊಂದಲ್ಲ. ಗಂಭೀರ ತಲೆಪೆಟ್ಟಾದವರು ಐಸಿಯುನಲ್ಲೇ ಏಳು ದಿನ ಕಳೆದುಬಿಡ್ತಾರೆ. ಆಮೇಲೆ ನಡಿಗೆ, ಮಾತು, ನೆನಪು, ಸಿಟ್ಟು ಎಲ್ಲವನ್ನೂ ತಿಂಗಳುಗಟ್ಟಲೆ ಮತ್ತೆ ಪಳಗಿಸಬೇಕು. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಡಾ. ಆರ್. ಎಂ. ವರ್ಮ ಅಲ್ಲಿ ನರಶಸ್ತ್ರಚಿಕಿತ್ಸೆ ಶುರು ಮಾಡಿದ್ದು 1958ರಲ್ಲಿ. ಕಮಲಾಪುರದಿಂದ ಅದು 600 ಕಿಲೋಮೀಟರ್ ಮೇಲೆ. ವಾರಕ್ಕೆರಡು ಸಲ ಥೆರಪಿಗೆ ಹೋಗಿಬರುವ ದೂರ ಅಲ್ಲ. "ಮನಿಗಿ ಬಂದಾನ್ರಿ, ಆದ್ರ ಮೊದಲಿನಂಗ ಇಲ್ಲ" ಅಂತ ಮನೆಯವರು ಹೇಳುವ ಹೊತ್ತಿಗೆ ಯೋಜನೆಯ ಫೈಲು ಮುಚ್ಚಿ ಎಷ್ಟೋ ದಿನ ಆಗಿರುತ್ತೆ.

ಅದೇ 2016ರ ಡಿಸೆಂಬರಿನಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. 1995ರಲ್ಲಿ ಏಳು ಇದ್ದ ವೈಕಲ್ಯಗಳ ಪಟ್ಟಿ 21ಕ್ಕೆ ಬೆಳೀತು. ಪಾರ್ಕಿನ್ಸನ್ ಸೇರಿತು, ಆ್ಯಸಿಡ್ ದಾಳಿ ಸೇರಿತು. ಮಿದುಳಿನ ಪೆಟ್ಟು ಅನ್ನೋ ಹೆಸರು ಸೇರಲಿಲ್ಲ. ಕೈಕಾಲು ಸೋತರೆ ಚಲನ ವೈಕಲ್ಯ, ಮಾತು ಹೋದರೆ ವಾಕ್ ವೈಕಲ್ಯ ಅಂತ ಬರೆಸಬಹುದು. ನೆನಪು ಕೆಟ್ಟು ಸ್ವಭಾವವೇ ಬದಲಾದವನಿಗೆ ಅವನದೇ ಆದ ಕಾಲಂ ಇಲ್ಲ.

ಪೆಟ್ಟಾದ ಮೇಲಿನ ಬದುಕನ್ನು ದುಡ್ಡಿನಲ್ಲಿ ಎಣಿಸುವ ಕೆಲಸ ಹಾಗಾಗಿ ಕೋರ್ಟಿನ ಪಾಲಿಗೆ ಬಂತು. ಹರಿಯಾಣದಲ್ಲಿ 2007ರಲ್ಲಿ ಅಪಘಾತಕ್ಕೆ ಸಿಕ್ಕು ಮಿದುಳು ಪೂರ್ತಿ ಕುಗ್ಗಿದ 12 ವರ್ಷದ ಹುಡುಗಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಪರಿಹಾರವನ್ನು 62.27 ಲಕ್ಷಕ್ಕೆ ಏರಿಸಿತು. ಅವಳನ್ನು ಜೀವನಪೂರ್ತಿ ನೋಡಿಕೊಳ್ಳುವವರ ಸಂಬಳವನ್ನೂ ಲೆಕ್ಕ ಹಾಕಿತು. ಓದಿದರೆ ಸಮಾಧಾನ ಆಗುತ್ತೆ, ತಾರೀಕು ನೋಡುವವರೆಗೆ. ಅಪಘಾತದಿಂದ ಆ ತೀರ್ಪಿಗೆ 12 ವರ್ಷ ದಾಟಿತ್ತು.

ಅದೂ ಎದುರು ಪಾರ್ಟಿ ಇದ್ದವರಿಗೆ. ನಿಮ್ಹಾನ್ಸ್‌ನ ಅಧ್ಯಯನಗಳ ಪ್ರಕಾರ ಮಿದುಳಿನ ಪೆಟ್ಟುಗಳಲ್ಲಿ ಸುಮಾರು 60% ರಸ್ತೆಯವು, 20ರಿಂದ 25% ಬಿದ್ದು ಆಗುವಂಥವು. ಕಟ್ಟಡದ ಕೆಲಸದಲ್ಲಿ ಸಾರುವೆಯಿಂದಲೋ ಹೊಲದಲ್ಲಿ ಮರದಿಂದಲೋ ಬಿದ್ದವರಿಗೆ ಹರೀಶ್ ಯೋಜನೆಯೂ ಇಲ್ಲ, ಕೇಂದ್ರದ ಏಳು ದಿನವೂ ಇಲ್ಲ, ವಾಹನ ಅಪಘಾತ ನ್ಯಾಯಮಂಡಳಿಯ ಬಾಗಿಲೂ ಇಲ್ಲ. ಅವರ ಕೈಲಿರೋದು ಬಿಪಿಎಲ್ ಕಾರ್ಡು.