ಮೈಕ್ರೋಸ್ಕೋಪ್ ಮುಟ್ಟದೆ 21 ಅಂಗಾಂಶ ಎಣಿಸಿದವನು

(1/4)

ಒಂಬತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕ ನೆನಪಿದ್ಯಾ? ಪ್ರಾಣಿ ಅಂಗಾಂಶಗಳು ನಾಲ್ಕು ವಿಧ: ಅನುಲೇಪಕ, ಸಂಯೋಜಕ, ಸ್ನಾಯು, ನರ. ನಾನೂ ಬಾಯಿಪಾಠ ಮಾಡಿದೆ, ಬರೆದೆ, ಮರೆತೆ, ಆಮೇಲೆ ಕಾಮರ್ಸ್ ತಗೊಂಡೆ.

ಈ ಮಳೆಗಾಲದಲ್ಲಿ ಅಕ್ಕನ ಎದೆಯಲ್ಲಿ ಒಂದು ಗಂಟು ಸಿಕ್ತು. ಸೂಜಿ ಹಾಕಿ ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ರು. ಆರು ದಿನ ನಮ್ಮನೆಯಲ್ಲಿ ಟಿವಿ ಕೂಡ ಹಾಕಲಿಲ್ಲ. ರಿಪೋರ್ಟ್ ತರೋಕೆ ಹೋದವನು ನಾನೇ. ಒಂದು ಹಾಳೆ, ಅದರ ತುಂಬ ಅರ್ಥವಾಗದ ಪದಗಳು, ಕೊನೆಯಲ್ಲಿ "ಫೈಬ್ರೋಅಡಿನೋಮಾ". ಕೌಂಟರ್‌ನಲ್ಲಿ ಕೇಳಿದ್ರೆ "ಡಾಕ್ಟರಿಗೆ ತೋರಿಸಿ" ಅಂದ್ರು, ಅಷ್ಟೇ.

ಬಸ್‌ಸ್ಟಾಂಡ್‌ನಲ್ಲಿ ನಿಂತು ಆ ಪದ ಹುಡುಕೋಕೆ ಹೋದವನು 200 ವರ್ಷ ಹಿಂದಿನ ಪ್ಯಾರಿಸ್‌ಗೆ ಹೋಗಿಬಿಟ್ಟೆ. ಆ ಕಥೆ ನಿಮಗೂ ಹೇಳಬೇಕು. ಅಕ್ಕನ ವಿಷಯ ಕೊನೆಯ ಭಾಗದಲ್ಲಿದೆ.

(2/4)

ಮೊದಲು ಇಟಲಿಯ ಮೊರ್ಗಾನಿ. ಕಾಯಿಲೆ ಅನ್ನೋದು ಮೈಯೊಳಗಿನ ಯಾವುದೋ ಒಂದು ಅಂಗದಲ್ಲಿ ಕೂತಿರುತ್ತೆ ಅಂತ ನೂರಾರು ಶವಪರೀಕ್ಷೆಗಳ ಆಧಾರದ ಮೇಲೆ 1761ರಲ್ಲಿ ಪುಸ್ತಕ ಬರೆದ. ಅದಕ್ಕೂ ಮುಂಚೆ ವೈದ್ಯರು ಹೆಚ್ಚಾಗಿ ಮೈಯ ರಸಗಳ ಏರುಪೇರಿನ ಲೆಕ್ಕದಲ್ಲೇ ಇದ್ರು. ಹಾಗಾಗಿ ಇದು ದೊಡ್ಡ ಹೆಜ್ಜೆ.

ಆಮೇಲೆ ಬಂದವನು ಝೇವಿಯರ್ ಬಿಷಾ. ಹುಟ್ಟಿದ್ದು 1771ರಲ್ಲಿ, ಫ್ರಾನ್ಸಿನ ಒಂದು ಸಣ್ಣ ಊರಲ್ಲಿ. ಪ್ಯಾರಿಸ್‌ಗೆ ಬಂದದ್ದು 1793ರಲ್ಲಿ, ಗಿಲೋಟಿನ್‌ಗೆ ಬಿಡುವಿಲ್ಲದ ವರ್ಷ. ದೆಸೋ ಅನ್ನೋ ದೊಡ್ಡ ಸರ್ಜನ್ ಈ ಹುಡುಗನನ್ನ ಶಿಷ್ಯನಾಗಿ ತಗೊಂಡು ಮನೆಯಲ್ಲೇ ಇಟ್ಟುಕೊಂಡ. ಎರಡೇ ವರ್ಷಕ್ಕೆ ಗುರು ತೀರಿಹೋದ. ಶಿಷ್ಯ ಓತೆಲ್ ದ್ಯೂ ಆಸ್ಪತ್ರೆಯ ಶವಗಳ ಜೊತೆ ಉಳಿದ. ಒಂದೇ ಚಳಿಗಾಲದಲ್ಲಿ 600ಕ್ಕೂ ಹೆಚ್ಚು ಶವ ತೆರೆದ ಅಂತ ಹೇಳ್ತಾರೆ.

ಅವನು ನೋಡಿದ್ದೇನು? ಶ್ವಾಸಕೋಶದ ಮೇಲೊಂದು ತೆಳು ಪೊರೆ ಇದೆ. ಹೃದಯದ ಸುತ್ತ ಒಂದಿದೆ. ಹೊಟ್ಟೆಯ ಒಳಗೋಡೆಗೂ ಒಂದಿದೆ. ಅಂಗಗಳು ಮೂರು, ಪೊರೆಯ ಜಾತಿ ಒಂದೇ. ಉರಿಯೂತ ಬಂದ್ರೆ ಮೂರೂ ಕಡೆ ಒಂದೇ ಥರ ನೀರು ತುಂಬುತ್ತೆ, ಒಂದೇ ಥರ ಅಂಟಿಕೊಳ್ಳುತ್ತೆ. ಇನ್ನೊಂದು ಕಡೆ, ಹೃದಯದ ಪೊರೆ ಕೆಟ್ಟಿರುತ್ತೆ, ಒಳಗಿನ ಸ್ನಾಯು ಚೆನ್ನಾಗೇ ಇರುತ್ತೆ. ಹಾಗಾದ್ರೆ "ಹೃದಯದ ಕಾಯಿಲೆ" ಅಂದ್ರೆ ಸಾಕಾ?

ಬಿಕಾಂ ಭಾಷೆಯಲ್ಲಿ ಹೇಳ್ತೀನಿ. ಮೊರ್ಗಾನಿ ಬ್ರಾಂಚ್‌ವಾರು ಲೆಕ್ಕ ಬರೆದ. ಬಿಷಾ ಬಂದು ಎಲ್ಲ ಬ್ರಾಂಚ್‌ಗಳ ಪುಸ್ತಕ ಬಿಚ್ಚಿ, ಹೆಡ್‌ವಾರು ಮಾಡಿದ. ನಷ್ಟ ಯಾವ ಬ್ರಾಂಚಿನಲ್ಲಿದೆ ಅನ್ನೋದರ ಜೊತೆಗೆ ಯಾವ ಹೆಡ್‌ನಲ್ಲಿದೆ ಅಂತಲೂ ಗೊತ್ತಾಯ್ತು.

(3/4)

ಆ ಹೆಡ್‌ಗಳಿಗೆ ಅವನು ಬಳಸಿದ ಪದ "ತಿಸ್ಯು". ಫ್ರೆಂಚ್‌ನಲ್ಲಿ ಅದರ ಅರ್ಥ ನೇಯ್ದ ಬಟ್ಟೆ. ನಮ್ಮ "ಅಂಗಾಂಶ"ದಲ್ಲಿ ಅಂಗವೂ ಇದೆ, ಅಂಶವೂ ಇದೆ, ಆ ನೇಯ್ಗೆ ಮಾತ್ರ ಬಿಟ್ಟುಹೋಗಿದೆ.

ಬಿಷಾ ಮೈಕ್ರೋಸ್ಕೋಪನ್ನ ನಂಬುತ್ತಿರಲಿಲ್ಲ. ಆಗಿನ ಲೆನ್ಸುಗಳಲ್ಲಿ ಚಿತ್ರದ ಸುತ್ತ ಬಣ್ಣದ ಅಂಚು ಮೂಡಿ ಎಲ್ಲ ಮಸುಕಾಗ್ತಿತ್ತು, ಹಾಗಾಗಿ ಅವನ ಅನುಮಾನ ಪೂರ್ತಿ ತಪ್ಪೂ ಅಲ್ಲ. ಅದರ ಬದಲು ಒಂದೊಂದು ಚೂರನ್ನೂ ಬೇಯಿಸಿದ, ಒಣಗಿಸಿದ, ಆಸಿಡ್‌ನಲ್ಲಿ ಹಾಕಿದ, ಕೊಳೆಯೋಕೆ ಬಿಟ್ಟ. ಯಾವುದು ಹೇಗೆ ಬದಲಾಗುತ್ತೆ ಅಂತ ಬರಿಗಣ್ಣಲ್ಲಿ ನೋಡಿದ. 1801ರಲ್ಲಿ ಬಂದ ಅವನ "ಅನಾಟಮಿ ಜೆನೆರಾಲ್" ಪುಸ್ತಕದಲ್ಲಿ ಒಟ್ಟು 21 ಅಂಗಾಂಶ ಇವೆ. ಮೂಳೆ ಒಂದು, ಮೃದ್ವಸ್ಥಿ ಒಂದು, ಅಪಧಮನಿ ಒಂದು, ಅಭಿಧಮನಿ ಇನ್ನೊಂದು. ಕೂದಲಿಗೂ ಬೇರೆ ಹೆಡ್! ನಮ್ಮ ಇಚ್ಛೆಯಂತೆ ಆಡೋ ಸ್ನಾಯು ಬೇರೆ, ತಾನಾಗೇ ಆಡೋ ಸ್ನಾಯು ಬೇರೆ ಅಂತ ಬರೆದ. ಅದು ಇವತ್ತಿಗೂ ನಮ್ಮ ಪಾಠದಲ್ಲಿದೆ.

ಮುಂದಿನ ವರ್ಷ, 1802ರ ಜುಲೈನಲ್ಲಿ, ಅದೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಿದ್ದ. ಜ್ವರ ಹಿಡೀತು. ಎರಡು ವಾರದಲ್ಲಿ ಹೋಗಿಬಿಟ್ಟ. ವಯಸ್ಸು 30. ನನಗಿಂತ ಹತ್ತೇ ವರ್ಷ ದೊಡ್ಡವನು.

1830ರ ಹೊತ್ತಿಗೆ ಲೆನ್ಸು ಸುಧಾರಿಸ್ತು. ಪ್ರಾಣಿಗಳ ಮೈಯೂ ಜೀವಕೋಶಗಳಿಂದಲೇ ಆಗಿದೆ ಅಂತ 1839ರಲ್ಲಿ ಶ್ವಾನ್ ಹೇಳಿದ. ಆ ಕಣ್ಣಲ್ಲಿ ನೋಡಿದಾಗ ಬಿಷಾನ ಪಟ್ಟಿ ಕುಗ್ಗುತ್ತಾ ಬಂತು. ಮೂಳೆ, ಮೃದ್ವಸ್ಥಿ ಎಲ್ಲ ಸಂಯೋಜಕದ ಒಳಗೆ ಹೋದವು. ಕೂದಲು ಚರ್ಮದ ಹೊರಪದರದ ಜೊತೆ ಸೇರ್ತು. ರಕ್ತನಾಳ ಒಂದೇ ಅಂಗಾಂಶ ಅಲ್ಲ, ಹಲವು ಸೇರಿ ಆದದ್ದು ಅಂತ ಗೊತ್ತಾಯ್ತು. 21 ಹೋಗಿ 4 ಉಳೀತು. ಎಣಿಕೆ ಬದಲಾಯ್ತು, ಆದರೆ ಕಾಯಿಲೆಯನ್ನ ಅಂಗಾಂಶದಲ್ಲಿ ಹುಡುಕಬೇಕು ಅನ್ನೋ ಅವನ ಮಾತು ಉಳೀತು. 1858ರಲ್ಲಿ ವಿರ್ಚೋ ಅದನ್ನ ಜೀವಕೋಶದವರೆಗೂ ಒಯ್ದ.

(4/4)

ಈಗ ಅಕ್ಕನ ಹಾಳೆಗೆ ಬರೋಣ.

ಆ ಚೂರನ್ನ ಕೂದಲಿಗಿಂತ ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಇಡ್ತಾರೆ. ಹಾಗೇ ನೋಡಿದ್ರೆ ಏನೂ ಕಾಣಲ್ಲ, ಬಣ್ಣ ಹಾಕಬೇಕು. ಸಾಮಾನ್ಯವಾಗಿ ಹಾಕೋದು ಎರಡು: ಹೆಮಟಾಕ್ಸಿಲಿನ್, ಇಯೋಸಿನ್. ಮೊದಲನೆಯದು ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬರುತ್ತೆ. ಆ ಮರ ಯುರೋಪಿಗೆ ಬಂದದ್ದೇ ಬಟ್ಟೆಗೆ ಬಣ್ಣ ಹಾಕೋಕೆ! ಕೋಶಕೇಂದ್ರ ನೇರಳೆ ಆಗುತ್ತೆ, ಉಳಿದದ್ದು ಗುಲಾಬಿ. ಆಗ ನೇಯ್ಗೆ ಕಾಣುತ್ತೆ.

ಕಂಡದ್ದನ್ನ ಹೆಸರಲ್ಲೇ ಬರೀತಾರೆ. ಕಾರ್ಸಿನೋಮಾ ಅಂದ್ರೆ ಅನುಲೇಪಕ ಅಂಗಾಂಶದ ಕ್ಯಾನ್ಸರ್. ಸಾರ್ಕೋಮಾ ಅಂದ್ರೆ ಮೂಳೆ, ಸ್ನಾಯು, ಕೊಬ್ಬಿನಂಥ ಅಂಗಾಂಶಗಳದ್ದು. ಯಾವ ನೇಯ್ಗೆಯಿಂದ ಬಂತು ಅನ್ನೋದನ್ನ ನೋಡಿಯೇ ಚಿಕಿತ್ಸೆ ಮುಂದುವರಿಯುತ್ತೆ. ಫೈಬ್ರೋಅಡಿನೋಮಾದಲ್ಲಿ "ಫೈಬ್ರೋ" ಅಂದ್ರೆ ನಾರಿನಂಥ ಸಂಯೋಜಕ ಅಂಗಾಂಶ, "ಅಡಿನೋ" ಅಂದ್ರೆ ಗ್ರಂಥಿ, ಅದು ಅನುಲೇಪಕದ ಮಗು. ಎರಡೂ ಸೇರಿ ಬೆಳೆದ ಗಂಟು. ಕ್ಯಾನ್ಸರ್ ಅಲ್ಲ.

ಡಾಕ್ಟರೂ ಸಂಜೆ ಅದನ್ನೇ ಹೇಳಿದ್ರು. ಅಮ್ಮ ಮನೆಗೆ ಬಂದು ಮೊದಲು ಟಿವಿ ಹಾಕಿದ್ಲು.

ನಾಲ್ಕು ಸಾಲಿನ ಆ ಪಾಠದ ಹಿಂದೆ ಬಿಷಾ ಒಬ್ಬನೇ ಇಲ್ಲ. ಆ ಚಳಿಗಾಲದ 600 ಜನ ಇದ್ದಾರೆ, ಧರ್ಮಾಸ್ಪತ್ರೆಯಲ್ಲಿ ಸತ್ತ ಪ್ಯಾರಿಸ್‌ನ ಬಡವರು. ಬಿಷಾನ ಹೆಸರು ಐಫೆಲ್ ಟವರ್ ಮೇಲೆ ಕೆತ್ತಿದ 72 ಹೆಸರುಗಳಲ್ಲಿದೆ. ಅವರದ್ದು ಇಲ್ಲ. ತಮ್ಮನ್ನ ಕತ್ತರಿಸಬಹುದಾ ಅಂತ ಅವರನ್ನ ಯಾರೂ ಕೇಳಿರಲಿಲ್ಲ. ಅವರಿಂದ ಕಲಿತದ್ದು ನಮ್ಮಕ್ಕನ ಹಾಳೆಯವರೆಗೂ ಬಂದಿದೆ.

ನಿಮ್ಮನೆಗೂ ಇಂಥ ಹಾಳೆ ಬಂದ್ರೆ ಫೋನಲ್ಲಿ ಹುಡುಕಿ ಹೆದರಬೇಡಿ. ಡಾಕ್ಟರ ಮುಂದೆ ಕೂತು ಒಂದು ಪ್ರಶ್ನೆ ಕೇಳಿ: "ಇದು ಯಾವ ಅಂಗಾಂಶ, ಸರ್?" ಕೇಳೋದಕ್ಕೆ ಸೈನ್ಸ್ ಓದಿರಬೇಕಿಲ್ಲ.

ಸೇವ್ ಮಾಡ್ಕೊಳ್ಳಿ, ಬೇಕಾದವರಿಗೆ ಕಳಿಸಿ.

#ಇತಿಹಾಸ #ಅಂಗಾಂಶ #ಕನ್ನಡದಲ್ಲಿವಿಜ್ಞಾನ