ಸರಾಸರಿಯ ಲೆಕ್ಕ, ಕೆಟ್ಟ ವರ್ಷದ ಲೆಕ್ಕ: ಕರ್ನಾಟಕದ ಒಣಬೇಸಾಯ ಚಿಂತನೆ ನಡೆದುಬಂದ ದಾರಿ

ಮಳೆ ನಂಬಿದ ಬೇಸಾಯದ ಬಗ್ಗೆ ನಮ್ಮ ಸರ್ಕಾರಗಳು ಯೋಚಿಸಲು ಶುರುಮಾಡಿದ್ದು ಹೆಣಗಳನ್ನು ಎಣಿಸಿದ ಮೇಲೆ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 78ರ ನಡುವೆ, ಮೈಸೂರು ಸಂಸ್ಥಾನವೂ ಬಳ್ಳಾರಿ, ಕಲಾದಗಿ ಸೀಮೆಗಳೂ ಬರಿದಾದವು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿತ್ತು. 1880ರ ಕ್ಷಾಮ ಆಯೋಗ ಕಂಡುಕೊಂಡ ಪರಿಹಾರ ಮುಖ್ಯವಾಗಿ ಮೂರು: ರೈಲು, ಕಾಲುವೆ, ಬರಗಾಲದ ಕೂಲಿ ಕಾಮಗಾರಿ. ಖುಷ್ಕಿ ಹೊಲದೊಳಗೆ ಏನು ಮಾಡಬಹುದು ಎಂಬ ಪ್ರಶ್ನೆ ಇನ್ನೂ 40 ವರ್ಷ ಕಾಯಬೇಕಾಯಿತು.

ಆ ಪ್ರಶ್ನೆಗೆ ಬಂದ ಮೊದಲ ಉತ್ತರಗಳಲ್ಲೊಂದು ಕೃಷಿ ವಿಜ್ಞಾನಿಯದ್ದಲ್ಲ ಎಂಬುದು ಸ್ವಾರಸ್ಯ. ಮೈಸೂರು ಸಂಸ್ಥಾನದ ಅಧಿಕಾರಿ ಜೆ.ಎಸ್. ಚಕ್ರವರ್ತಿ 1920ರಲ್ಲಿ ಕೃಷಿ ವಿಮೆಯ ಕುರಿತ ಪುಸ್ತಕ ಪ್ರಕಟಿಸಿದರು. ಒಬ್ಬೊಬ್ಬ ರೈತನ ಬೆಳೆನಷ್ಟ ಅಳೆಯುವುದು ಆಗದ ಮಾತು, ಮಳೆಯನ್ನು ಅಳೆಯಿರಿ, ಒಂದು ಪ್ರದೇಶದಲ್ಲಿ ಅದು ಇಂತಿಷ್ಟಕ್ಕಿಂತ ಕಡಿಮೆಯಾದರೆ ಪರಿಹಾರ ಕೊಡಿ ಎಂಬುದು ಅವರ ಸೂತ್ರ. ಅದನ್ನು ಯಾರೂ ಜಾರಿಗೆ ತರಲಿಲ್ಲ. 2003ರಲ್ಲಿ ಪಕ್ಕದ ಮಹಬೂಬನಗರದಲ್ಲಿ ಮಳೆ ಆಧಾರಿತ ವಿಮೆಯ ಪ್ರಯೋಗ ನಡೆದಾಗ ಅದು ತೀರಾ ಹೊಸತೆಂಬಂತೆ ಸುದ್ದಿಯಾಯಿತು. ಈ ಕ್ಷೇತ್ರದ ಇತಿಹಾಸದಲ್ಲಿ ಇಂಥ ಮರೆವು ಮತ್ತೆ ಮತ್ತೆ ಸಿಗುತ್ತದೆ. ಆದರೂ ಚಕ್ರವರ್ತಿಯವರಿಗೆ ಒಂದು ವಿಷಯ ಖಚಿತವಿತ್ತು: ಒಣಭೂಮಿಯ ರೈತ ಹಾಳಾಗುವುದು ಸರಾಸರಿ ವರ್ಷದಲ್ಲಲ್ಲ, ಕೆಟ್ಟ ವರ್ಷದಲ್ಲಿ.

ಅವರ ಹಿಂದೆಯೇ ಬಂದ ವಿಜ್ಞಾನ ಹಿಡಿದದ್ದು ಸರಾಸರಿಯ ದಾರಿ. 1923ರಲ್ಲಿ ಪುಣೆ ಬಳಿಯ ಮಾಂಜರಿಯಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಕೃಷಿ ಕುರಿತ ರಾಯಲ್ ಆಯೋಗದ 1928ರ ವರದಿಯ ನಂತರ ಹುಟ್ಟಿದ ಕೃಷಿ ಸಂಶೋಧನಾ ಮಂಡಳಿ 1933ರಿಂದ 35ರೊಳಗೆ ಐದು ಕೇಂದ್ರಗಳನ್ನು ತೆರೆಯಿತು: ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್. ಇವುಗಳಲ್ಲಿ ಮೂರು ಇಂದಿನ ಕರ್ನಾಟಕದವು. ಬಿಜಾಪುರ ಮುಂಬಯಿ ಪ್ರಾಂತ್ಯದ್ದು, ಹಗರಿ ಮದರಾಸಿನದು, ರಾಯಚೂರು ನಿಜಾಮರದು. ಆಡಳಿತ ಮೂರಾದರೂ ಎರೆ ಭೂಮಿಯ ಕಷ್ಟ ಒಂದೇ ಆಗಿತ್ತು. ಒಡ್ಡು ಹಾಕುವುದು, ಮೂರು ವರ್ಷಕ್ಕೊಮ್ಮೆ ಆಳ ಉಳುಮೆ, ಕೊಟ್ಟಿಗೆ ಗೊಬ್ಬರ, ಕಡಿಮೆ ಬೀಜ, ಅಗಲ ಸಾಲು, ಮತ್ತೆ ಮತ್ತೆ ಎಡೆ ಹೊಡೆಯುವುದು. ಎನ್.ವಿ. ಕಾನಿಟ್ಕರ್ ಮುಂತಾದವರು ರೂಪಿಸಿದ ಈ ಕ್ರಮಕ್ಕೆ ಮುಂಬಯಿ ಒಣಬೇಸಾಯ ಪದ್ಧತಿ ಎಂದು ಹೆಸರಾಯಿತು. ತಾಂತ್ರಿಕವಾಗಿ ತಪ್ಪೇನಿರಲಿಲ್ಲ. ಆದರೆ ಇಳುವರಿ ಹೆಚ್ಚಿದ್ದು ಶೇ. 15ರಿಂದ 20ರಷ್ಟು. ಒಡ್ಡಿಗೂ ಆಳ ಉಳುಮೆಗೂ ಸುರಿಯಬೇಕಾದ ಎತ್ತು, ಆಳು, ದುಡ್ಡಿನ ಎದುರು ರೈತನಿಗೆ ಅದು ಗಿಟ್ಟಲಿಲ್ಲ. ಆ ಕಾಲದಿಂದ ಇಂದಿಗೂ ಬಾಳಿ ಉಳಿದದ್ದು ಒಂದು ತಳಿ. ಸೊಲ್ಲಾಪುರ ಸೀಮೆಯ ಮೊಹೋಳದಲ್ಲಿ ರೈತರ ಜೋಳದಿಂದಲೇ ಆರಿಸಿದ ಮಾಲದಂಡಿ ಎಂ 35-1. ವಿಜಯಪುರದ ಹಿಂಗಾರಿ ಹೊಲಗಳಲ್ಲಿ ಅದಿನ್ನೂ ತೂಗುತ್ತಿದೆ.

ರೈತರ ಕಡೆಯಿಂದ ನೋಡಿದರೆ ಈ ಅವಧಿಯ ಚಿತ್ರವೇ ಬೇರೆ. ಹಳೇ ಮೈಸೂರಿನ ಕೆಂಪು ಮಸಾರಿಯಲ್ಲಿ ರಾಗಿಯ ನಡುನಡುವೆ ಅಕ್ಕಡಿ ಸಾಲು ಬೀಳುತ್ತಿತ್ತು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಒಂದಿಷ್ಟು ಜೋಳ. ರಾಗಿ ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೂ ಆಳಕ್ಕೆ ಬೇರಿಳಿಸಿದ ತೊಗರಿ ನಿಲ್ಲುತ್ತಿತ್ತು, ಹಿಂದಿನಿಂದ ಬಂದ ಸೋನೆಗೆ ಅವರೆ ಚಿಗುರುತ್ತಿತ್ತು, ಏನೂ ಆಗದಿದ್ದರೆ ದನಕ್ಕೆ ಮೇವಾದರೂ ಸಿಗುತ್ತಿತ್ತು. ಹಾವೇರಿ ಕಡೆಯ ರೈತರ ಗುಳಿ ರಾಗಿಯಲ್ಲಿ ಅಂತರಕ್ಕೊಂದು ಗುಳಿ ಮಾಡಿ ಗೊಬ್ಬರ ಹಾಕಿ ಸಸಿ ನೆಟ್ಟು, ಬೆಳೆದ ಪೈರಿನ ಮೇಲೆ ಕೊರಡು ಎಳೆದು ತೆಂಡೆ ಹೊಡೆಸುತ್ತಾರೆ. ಒಳ್ಳೆಯ ವರ್ಷದ ಕಾಳು ಹಗೇವಿಗೆ ಇಳಿದು ಕೆಟ್ಟ ವರ್ಷಕ್ಕೆ ಮೇಲೆ ಬರುತ್ತಿತ್ತು. ಇದನ್ನೆಲ್ಲ ವೈಭವೀಕರಿಸಬೇಕಾಗಿಲ್ಲ. 1876ರಲ್ಲಿ ಅಕ್ಕಡಿಯೂ ಹಗೇವೂ ಜನರನ್ನು ಉಳಿಸಲಿಲ್ಲ, ಹಗೇವಿನ ಕಾಳು ಯಾರ ಮನೆಯದು ಎಂಬುದೂ ಸಣ್ಣ ಮಾತಾಗಿರಲಿಲ್ಲ. ಆದರೆ ಈ ಕ್ರಮಗಳ ಹಿಂದಿನ ಲೆಕ್ಕ ಸ್ಪಷ್ಟವಿತ್ತು: ಒಂದು ಹೋದರೆ ಇನ್ನೊಂದು ಕೈಗೆ ಸಿಗಬೇಕು. ಸಂಶೋಧನಾ ತಾಕುಗಳಲ್ಲಿ ಒಂದೊಂದೇ ಬೆಳೆಯನ್ನು ಬೇರ್ಪಡಿಸಿ ತೂಗಿದ್ದರಿಂದ ಆ ಲೆಕ್ಕ ತಕ್ಕಡಿಗೆ ಬರಲೇ ಇಲ್ಲ.

ಸ್ವಾತಂತ್ರ್ಯದ ನಂತರ ಗಮನ ಬೀಜದ ಕಡೆ ತಿರುಗಿತು. 1964ರಲ್ಲಿ ಬಂದ ಸಿಎಸ್‌ಎಚ್-1 ಹೈಬ್ರಿಡ್ ಜೋಳ ಗಿಡ್ಡ, ಬೇಗ ಕೊಯ್ಲಿಗೆ ಬರುವಂಥದು, ಕಾಳೂ ಹೆಚ್ಚು. ಆದರೆ ಕಣಿಕೆ ಕಡಿಮೆ, ರೊಟ್ಟಿಗೂ ಆ ರುಚಿ ಬರಲಿಲ್ಲ. ಎತ್ತು ಕಟ್ಟಿದ ಮನೆಗೆ ಕಣಿಕೆ ಕಾಳಿನಷ್ಟೇ ಮುಖ್ಯ ಎಂಬುದನ್ನು ತಳಿ ತಯಾರಿಸಿದವರು ತಡವಾಗಿ ಅರಿತರು. ರಾಗಿಯ ಕತೆ ಸುಖದ್ದು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯ ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಮುಂದೆ ಬೆಂಕಿ ರೋಗ ತಡೆಯುವ ಜಿಪಿಯು-28, ನೀರಿನ ಕೊರತೆ ತಾಳುವ ಎಂಎಲ್-365 ಬಂದವು. ಕರ್ನಾಟಕ ಇಂದಿಗೂ ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯವಾಗಿರುವುದರಲ್ಲಿ ಈ ಕೆಲಸದ ಪಾಲು ದೊಡ್ಡದು. ಆಹಾರ ಭದ್ರತೆಯ ಚರ್ಚೆಯಲ್ಲಿ ಹಸಿರು ಕ್ರಾಂತಿಯ ಗೋಧಿ, ಭತ್ತದ ವಿಜ್ಞಾನಿಗಳಿಗೆ ಸಿಕ್ಕ ಜಾಗದ ಕಾಲುಭಾಗವೂ ಲಕ್ಷ್ಮಣಯ್ಯನವರಿಗೆ ಸಿಗಲಿಲ್ಲ.

ಸಂಸ್ಥೆಗಳೂ ಬೆಳೆದವು. 1970ರಲ್ಲಿ ಅಖಿಲ ಭಾರತ ಒಣಬೇಸಾಯ ಸಂಶೋಧನಾ ಯೋಜನೆ, 1972ರಲ್ಲಿ ಹೈದರಾಬಾದ್ ಬಳಿ ಇಕ್ರಿಸ್ಯಾಟ್, 1985ರಲ್ಲಿ ಅಲ್ಲಿಯೇ ‘ಕ್ರೀಡಾ’ ಎಂಬ ಕೇಂದ್ರ ಒಣಬೇಸಾಯ ಸಂಶೋಧನಾ ಸಂಸ್ಥೆ. ಚೌಕು ಮಡಿ, ತೊಗರಿ ಮಿಶ್ರ ಸಾಲುಗಳು ಈಗ ಶಿಫಾರಸುಗಳ ಪಟ್ಟಿ ಸೇರಿದವು. ಅಕ್ಕಡಿ ಹಿಂಬಾಗಿಲಿನಿಂದ ಒಳಬಂತು, ಸಾಲಿನ ಅನುಪಾತವನ್ನು ಅಂಕಿಯಲ್ಲಿ ಬರೆದುಕೊಂಡು.

1980ರ ದಶಕದಲ್ಲಿ ಹೊಲದಿಂದ ಹಳ್ಳದ ಕಡೆಗೆ ದೃಷ್ಟಿ ಹರಿಯಿತು. ಒಬ್ಬನ ಹೊಲದ ಒಡ್ಡು ಮೇಲಿನವನ ನೀರಿಗೆ ಒಡೆಯುತ್ತದೆ ಎಂದಾದ ಮೇಲೆ ಇಡೀ ಜಲಾನಯನವನ್ನೇ ಒಂದು ಘಟಕವಾಗಿ ನೋಡಬೇಕಾಯಿತು. ಕನಕಪುರ ಸೀಮೆಯ ಕಬ್ಬಾಳನಾಲೆ, ಬಾಗೇಪಲ್ಲಿಯ ಮಿಟ್ಟೇಮರಿ ಮೊದಲ ಪಾಠಶಾಲೆಗಳಾದವು. ಇದೇ ಹೊತ್ತಿಗೆ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಬದುವಿಗೆ ಬದಲಾಗಿ ಲಾವಂಚದ ಸಾಲು ನೆಡಿ ಎಂದು ಜಗತ್ತಿಗೆಲ್ಲ ಸಾರತೊಡಗಿದರು. ಗುಂಡ್ಲುಪೇಟೆ ಸುತ್ತಿನ ರೈತರು ತಲೆಮಾರುಗಳಿಂದ ಹೊಲದ ಅಂಚಿಗೆ ಅದನ್ನೇ ನೆಟ್ಟಿದ್ದರು. ಬಳಿಕ 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡಗಳಲ್ಲಿ ನಡೆದ ಸುಜಲ ಯೋಜನೆ ಸ್ತ್ರೀಶಕ್ತಿ ಗುಂಪು, ಭೂರಹಿತರ ದುಡಿಮೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು, ಉಪಗ್ರಹ ಚಿತ್ರಗಳಿಂದ ಕೆಲಸವನ್ನು ಪರಿಶೀಲಿಸಿತು. ಆದರೂ ಇಂಗಿದ ನೀರು ಯಾರ ಪಾಲು ಎಂಬ ಪ್ರಶ್ನೆ ಬಗೆಹರಿಯಲಿಲ್ಲ. ದಿಬ್ಬದ ಮೇಲಿನವನು ಕಲ್ಲು ಹೊತ್ತು ಬದು ಕಟ್ಟಿದರೆ, ತಗ್ಗಿನವನ ಕೊಳವೆಬಾವಿ ತುಂಬುತ್ತದೆ. ಕೋಲಾರದಲ್ಲಿ ಇದು ಇನ್ನೂ ಕಹಿಯಾಯಿತು: ರಾಗಿ ಹೊಲಗಳಿಗೆ ನೀಲಗಿರಿ ಬಂತು, ಕೆರೆಗಳು ಬತ್ತಿದವು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಬರಕ್ಕೆ ಹೊಂದಿಕೊಳ್ಳುವುದು ಎಂದರೆ ಹೊಸ ಬೋರು ಕೊರೆಸುವುದು ಎಂದು ಒಂದು ತಲೆಮಾರು ನಂಬಿತು. ನನ್ನ ಮಟ್ಟಿಗೆ ಈ ಅರ್ಧ ಶತಮಾನದ ಅತಿ ದುಬಾರಿ ತಪ್ಪು ಅದೇ.

‘ಹವಾಮಾನ ಬದಲಾವಣೆ’ ಎಂಬ ಮಾತು ಈ ಕ್ಷೇತ್ರದ ಕೇಂದ್ರಕ್ಕೆ ಬಂದದ್ದು ತಡವಾಗಿ. 1988ರಲ್ಲೇ ಕರ್ನಾಟಕ ಬರ ನಿಗಾ ಘಟಕವನ್ನು ಕಟ್ಟಿತ್ತು. ಅದು ಮುಂದೆ ವಿಪತ್ತು ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳವರೆಗೆ ಬೆಳೆಯಿತು. ಆದರೆ ಆಗ ಚಿಂತೆ ಇದ್ದದ್ದು ಬರದ್ದು ಮಾತ್ರ. 2009ರಲ್ಲಿ ಮಳೆಗಾಗಿ ಕಾಯುತ್ತಿದ್ದ ವಿಜಯಪುರ, ಬಾಗಲಕೋಟೆ, ರಾಯಚೂರುಗಳು ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಆರಂಭಕ್ಕೆ ನೆರೆಯಲ್ಲಿ ಮುಳುಗಿದವು. ಒಂದೇ ಹಂಗಾಮಿನಲ್ಲಿ ಬರವೂ ನೆರೆಯೂ. ಮೃಗಶಿರ, ಹುಬ್ಬ, ಸ್ವಾತಿ ಎಂದು ಮಳೆನಕ್ಷತ್ರ ಹಿಡಿದು ಬಿತ್ತುವವರ ಅಂದಾಜೂ, ವಾರ್ಷಿಕ ಸರಾಸರಿ ಮಿಲಿಮೀಟರು ಹಿಡಿದು ಶಿಫಾರಸು ಬರೆಯುವವರ ಅಂದಾಜೂ ಒಟ್ಟಿಗೆ ತಪ್ಪಿದ ವರ್ಷ ಅದು. 2011ರಲ್ಲಿ ಶುರುವಾದ ‘ನಿಕ್ರಾ’ ಯೋಜನೆ ಹವಾಮಾನಕ್ಕೆ ತಾಳಿಕೊಳ್ಳುವ ಬೇಸಾಯವನ್ನು ಹಳ್ಳಿಗಳಲ್ಲಿ ಪರೀಕ್ಷಿಸಿತು. ದೇಶದ 600ಕ್ಕೂ ಹೆಚ್ಚು ಜಿಲ್ಲೆಗಳಿಗೆ ‘ಮಳೆ ಎರಡು ವಾರ ತಡವಾದರೆ ಇದು, ನಾಲ್ಕು ವಾರವಾದರೆ ಅದು’ ಎಂಬ ಪರ್ಯಾಯ ಬೆಳೆ ಯೋಜನೆಗಳು ತಯಾರಾದವು. ಕಾಗದದ ಮೇಲೆ ಇದು ಕೆಟ್ಟ ವರ್ಷದ ಲೆಕ್ಕವೇ. ಆದರೆ ನಾಲ್ಕು ವಾರ ತಡವಾದಾಗ ಹುರುಳಿ ಬಿತ್ತಿ ಎನ್ನುವ ಸಲಹೆಯ ಜೊತೆ ಹುರುಳಿ ಬೀಜ ರೈತ ಸಂಪರ್ಕ ಕೇಂದ್ರದಲ್ಲಿ ಇರಬೇಕಲ್ಲ?

2014ರ ಕೃಷಿ ಭಾಗ್ಯದ ಹೊಂಡಗಳು ಈ ನಿಟ್ಟಿನಲ್ಲಿ ಹೆಚ್ಚು ನೇರ. ತೆನೆ ಕಟ್ಟುವ ಹೊತ್ತಿಗೆ ಒಂದೆರಡು ಸಲ ನೀರು ಕೊಟ್ಟರೆ ಬೆಳೆ ಉಳಿಯುತ್ತದೆ ಎಂಬ ಸರಳ ತರ್ಕ ಅವುಗಳದು. ಹೊಂಡವನ್ನು ಕೊಳವೆಬಾವಿಯ ನೀರಿನಿಂದ ತುಂಬಿಸಿಕೊಂಡ ಕಡೆ ಮಾತ್ರ ತರ್ಕ ತಲೆಕೆಳಗಾಯಿತು.

ಇನ್ನು ಊಟದ ಮಾತು. ಈ ಇಡೀ ಚರಿತ್ರೆಯಲ್ಲಿ ಬೆಳೆ ಮತ್ತು ಊಟ ಬೇರೆ ಬೇರೆ ಇಲಾಖೆಗಳಲ್ಲೇ ಉಳಿದವು. 2013ರ ಅನ್ನಭಾಗ್ಯ ಯೋಜನೆ ಮತ್ತು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಿಂದ ಬರ ಬಂದರೂ ಒಲೆ ಹೊತ್ತುತ್ತದೆ. 1876 ಮರುಕಳಿಸದಿರಲು ಇಂಥ ವ್ಯವಸ್ಥೆಯೇ ಕಾರಣ, ಇದನ್ನು ಹಗುರವಾಗಿ ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ತಟ್ಟೆಗೆ ಬಂದದ್ದು ಬೇರೆ ನೆಲದ ಅಕ್ಕಿ. ಒಣಭೂಮಿಯ ಕಾಳನ್ನೇ ಪಡಿತರವಾಗಿಸುವ ದಾರಿಯನ್ನು ಬೀದರಿಗೆ ಅಂಟಿಕೊಂಡ ಜಹೀರಾಬಾದಿನಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳ ಸಂಘಗಳು 1990ರ ದಶಕದಲ್ಲೇ ತೋರಿಸಿದ್ದವು. ಬೀಳು ಭೂಮಿ ಹಸನು ಮಾಡಲು ಸಾಲ, ಅದರ ಮರುಪಾವತಿ ಜೋಳದ ರೂಪದಲ್ಲಿ, ಆ ಜೋಳ ಊರಲ್ಲೇ ಸಂಗ್ರಹವಾಗಿ ಬಡವರಿಗೆ ಅಗ್ಗದ ದರದಲ್ಲಿ. ಇದನ್ನು ಮುನ್ನಡೆಸಿದ ಪಿ.ವಿ. ಸತೀಶ್ ಮೈಸೂರಿನವರು.

2023 ಈ ಎಲ್ಲ ಪ್ರಯತ್ನಗಳಿಗೂ ಪರೀಕ್ಷೆಯಾಗಿ ಬಂತು. ಅದು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೂ ಹೌದು, 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಇದ್ದ ವರ್ಷವೂ ಹೌದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಯಾರೂ 1876ರಂತೆ ಸಾಯಲಿಲ್ಲ. ಆದರೆ ಬಿತ್ತಿದ್ದು ಕೈಗೆ ಬಾರದಾಗ ಒಣಸೀಮೆಯ ಮನೆಗಳಿಗೆ ಉಳಿಯುವುದು ಹಿಂದಿನದೇ ದಾರಿ: ಗುಳೆ. ಅಕ್ಕಿ ಸಿಗುತ್ತದೆ, ಎಣ್ಣೆ, ಬೇಳೆ, ಮದ್ದು, ಶಾಲೆಗೆ ದುಡ್ಡು ಸಿಗುವುದಿಲ್ಲ.

ನೀತಿಯ ಕಡೆಯಿಂದ ನಡೆದದ್ದೂ ಕಡಿಮೆಯೇನಲ್ಲ. ಸಿರಿಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಡುವ ರೈತ ಸಿರಿ ಬಂತು. ರಾಗಿಯ ಬೆಂಬಲ ಬೆಲೆ 2013-14ರಲ್ಲಿ ಕ್ವಿಂಟಾಲಿಗೆ 1,500 ರೂಪಾಯಿ ಇದ್ದದ್ದು 2024-25ಕ್ಕೆ 4,290 ಆಯಿತು. ಹೀಗೆ ಖರೀದಿಸಿದ ರಾಗಿ, ಜೋಳ ಪಡಿತರದ ಅಂಗಡಿಗೂ ಬರುತ್ತಿವೆ. ಆದರೆ ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ನವಣೆ, ಸಾಮೆ, ಹಾರಕ ಇಲ್ಲ. ಹುರುಳಿ, ಅವರೆಯೂ ಇಲ್ಲ. 2016ರ ಫಸಲ್ ಬಿಮಾ ಯೋಜನೆ ಬೆಳೆವಾರು ಅಧಿಸೂಚನೆಯ ಮೇಲೆ ನಡೆಯುತ್ತದೆ. ಅಕ್ಕಡಿ ಹೊಲದವನು ಎಂಟು ಕಾಳು ಬಿತ್ತಿದ್ದರೂ ಕಚೇರಿಯ ನಮೂನೆಯಲ್ಲಿ ಒಂದು ಬೆಳೆಯ ಹೆಸರು ಬರೆಯಬೇಕು. ಖರೀದಿ ಕೇಂದ್ರದಲ್ಲೂ ಅಷ್ಟೆ: ರಾಗಿ ತೂಗಿಸಿ ಬಂದವನು ಉಳಿದ ಏಳನ್ನು ಸಂತೆಯ ದರಕ್ಕೆ ಮಾರುತ್ತಾನೆ, ಮುಂದಿನ ಮುಂಗಾರಿಗೆ ಆ ಸಾಲುಗಳನ್ನು ಒಂದೊಂದಾಗಿ ಬಿಡುತ್ತಾ ಹೋಗುತ್ತಾನೆ.